ಶಾಲೆಗಳ ಸಂಪರ್ಕ ಸಿಬ್ಬಂದಿ ಮತ್ತು ರೇಡಿಯೋ ವರದಿಗಾರರು: ಪತ್ರಿಕಾ ಪ್ರಕಟಣೆ ಕಳುಹಿಸಿದರೆ ಸಾಕೆ?

ಶಾಲಾ ಸಂಪರ್ಕಾಧಿಕಾರಿ, ಬನಶಂಕರಿ

ಬೆಂಗಳೂರಿನ ಬನಶಂಕರಿ ಕಡೆಯ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಸಾರ್ವಜನಿಕ ಸಂಪರ್ಕದ ಕೆಲಸ ನೋಡಿಕೊಳ್ಳುತ್ತಿದ್ದೇನೆ. ದಿನಪತ್ರಿಕೆಯವರೊಂದಿಗೆ ನಮಗೆ ಒಳ್ಳೆಯ ಒಡನಾಟವಿದೆ. ವಿಜ್ಞಾನ ಮೇಳವಾಗಲಿ, ರಾಜ್ಯೋತ್ಸವವಾಗಲಿ, ಒಂದು ಪುಟದ ಪ್ರಕಟಣೆಯನ್ನೂ ಎರಡು ಫೋಟೊಗಳನ್ನೂ ಕಳುಹಿಸಿದರೆ ಯಾವುದಾದರೊಂದು ಪುಟದಲ್ಲಿ ಅಚ್ಚಾಗುತ್ತದೆ. ಅದೇ ಪ್ರಕಟಣೆಯನ್ನು ರೇಡಿಯೋ ಕೇಂದ್ರಗಳಿಗೆ ಕಳುಹಿಸಿದರೆ ಉತ್ತರವೂ ಇಲ್ಲ, ಪ್ರಸಾರವೂ ಇಲ್ಲ. ಇನ್ನೊಂದೆಡೆ, ಮಳೆಯ ಕಾರಣಕ್ಕೆ ರಜೆ ಘೋಷಣೆಯಾದಾಗಲೋ ಫಲಿತಾಂಶ ಬಂದಾಗಲೋ ರೇಡಿಯೋ ವರದಿಗಾರರು ತಾವಾಗಿಯೇ ಕರೆ ಮಾಡಿ, ಎರಡು ನಿಮಿಷ ಮಾತಾಡಲು ಯಾರಾದರೂ ಸಿಗುತ್ತಾರೆಯೇ ಎಂದು ಕೇಳುತ್ತಾರೆ. ಪ್ರಶ್ನೆಗಳನ್ನು ಇಮೇಲ್ ಮಾಡಿ, ಆಡಳಿತ ಮಂಡಳಿಯ ಒಪ್ಪಿಗೆ ಪಡೆದು ಉತ್ತರಿಸುತ್ತೇವೆ ಎನ್ನುವುದು ನಮ್ಮಂಥ ಶಾಲೆಗಳಲ್ಲಿ ವಾಡಿಕೆ. ಅಲ್ಲಿಗೆ ಆ ಮಾತುಕತೆ ಮುಗಿಯುತ್ತದೆ.

ಈ ವೇದಿಕೆಯಲ್ಲಿ ರೇಡಿಯೋದಲ್ಲಿ ಕೆಲಸ ಮಾಡಿದವರೂ ಶಾಲೆ ನಡೆಸುವವರೂ ಇದ್ದೀರಿ. ರೇಡಿಯೋದವರಿಗೆ ನಿಜವಾಗಿ ಬೇಕಾಗಿರುವುದೇನು, ನಾವು ಮೊದಲೇ ಸಿದ್ಧಪಡಿಸಿ ಇಟ್ಟುಕೊಳ್ಳಬೇಕಾದದ್ದೇನು, ಮಕ್ಕಳನ್ನು ಮಾತಾಡಿಸುವಲ್ಲಿ ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು ದಯವಿಟ್ಟು ವಿವರವಾಗಿ ತಿಳಿಸಿ.

ನಿವೃತ್ತ ವಾರ್ತಾ ಸಂಪಾದಕ

ಬಾನುಲಿಯ ಸುದ್ದಿ ವಿಭಾಗದಲ್ಲಿ ಬಹುಕಾಲ ದುಡಿದವನಾಗಿ ಹೇಳುತ್ತೇನೆ. ಶಾಲೆಗಳಿಂದ ಬರುವ ಪ್ರಕಟಣೆಗಳಲ್ಲಿ ಹೆಚ್ಚಿನವು ಮದುವೆಯ ಕರೆಯೋಲೆಯ ಹಾಗಿರುತ್ತವೆ. ವೇದಿಕೆಯ ಮೇಲಿದ್ದವರೆಲ್ಲರ ಹೆಸರು ಅವರವರ ಪದವಿಯ ಸಮೇತ ಅನುಕ್ರಮವಾಗಿ ಬಂದಿರುತ್ತದೆ, ನಡೆದದ್ದೇನು ಎಂಬುದು ಮಾತ್ರ ಕೊನೆಯ ಸಾಲಿನಲ್ಲಿರುತ್ತದೆ. ಪತ್ರಿಕೆಯಲ್ಲಿ ಕಣ್ಣು ಹೆಸರುಗಳನ್ನು ದಾಟಿಕೊಂಡು ಮುಂದಕ್ಕೆ ಹೋಗಬಲ್ಲದು. ಕಿವಿಗೆ ಆ ಸೌಲಭ್ಯವಿಲ್ಲ. ಹತ್ತು ನಿಮಿಷದ ವಾರ್ತೆಯಲ್ಲಿ ಇಡೀ ರಾಜ್ಯದ ಸುದ್ದಿ ಹಿಡಿಸಬೇಕಾಗಿರುವಾಗ ಒಂದು ಶಾಲೆಯ ಪಾಲಿಗೆ ಬರುವುದು ಎರಡು ವಾಕ್ಯ. ಜೊತೆಗೆ ಒಂದು ಧ್ವನಿ ತುಣುಕು ಇದ್ದರೆ ಅದಕ್ಕೆ ಹದಿನೈದಿಪ್ಪತ್ತು ಸೆಕೆಂಡು. ಆ ಎರಡು ವಾಕ್ಯ ಮತ್ತು ಆ ಇಪ್ಪತ್ತು ಸೆಕೆಂಡು ಎಲ್ಲಿ ಸಿಗುತ್ತವೆ ಎಂದು ಹುಡುಕುತ್ತಲೇ ವರದಿಗಾರ ನಿಮ್ಮ ಕಾಗದವನ್ನು ಓದುತ್ತಾನೆ.

ಹೀಗಾಗಿ ರೇಡಿಯೋಗೆ ಕಳುಹಿಸುವ ಟಿಪ್ಪಣಿ ಬೇರೆಯೇ ಆಗಿರಬೇಕು. ಅರ್ಧ ಪುಟ ಸಾಕು. ಮೊದಲ ವಾಕ್ಯದಲ್ಲಿ ಏನಾಯಿತು ಅಥವಾ ಏನಾಗಲಿದೆ ಎಂಬುದು, ಎರಡನೆಯದರಲ್ಲಿ ಅದು ಯಾರಿಗೆ ಸಂಬಂಧಿಸಿದ್ದು ಎಂಬುದು, ಆಮೇಲೆ ಮಾತಾಡಲು ಯಾರು ಸಿದ್ಧರಿದ್ದಾರೆ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಸಿಗುತ್ತಾರೆ, ಕನ್ನಡದಲ್ಲಿ ಸರಾಗವಾಗಿ ಮಾತಾಡುತ್ತಾರೆಯೇ ಎಂಬ ವಿವರ. ಇಷ್ಟಿದ್ದರೆ ಆ ಟಿಪ್ಪಣಿ ಕಸದ ಬುಟ್ಟಿಗೆ ಹೋಗುವುದಿಲ್ಲ.

ಇನ್ನೊಂದು ಸಂಗತಿ ಹೆಸರುಗಳದ್ದು, ಇದನ್ನು ಯಾರೂ ಗಮನಿಸುವುದಿಲ್ಲ. ಖಾಸಗಿ ಶಾಲೆಗಳ ಪ್ರಕಟಣೆಗಳು ಬಹುಪಾಲು ಇಂಗ್ಲಿಷಿನಲ್ಲಿ ಬರುತ್ತವೆ. ಇಂಗ್ಲಿಷ್ ಅಕ್ಷರಗಳಲ್ಲಿರುವ ಹೆಸರು ರಮಣನೋ ರಾಮಣ್ಣನೋ, ಅನಘನೋ ಅನಘಾಳೋ ಎಂದು ಓದುವವರಿಗೆ ಹೇಗೆ ತಿಳಿಯಬೇಕು? ಪತ್ರಿಕೆಯಲ್ಲಾದರೆ ತಪ್ಪು ಒಂದು ಮೂಲೆಯಲ್ಲಿ ಉಳಿಯುತ್ತದೆ. ರೇಡಿಯೋದಲ್ಲಿ ಮಗುವಿನ ಹೆಸರನ್ನು ತಪ್ಪಾಗಿ ಉಚ್ಚರಿಸಿದರೆ ಆ ಮನೆಯವರೆಲ್ಲ ಕುಳಿತು ಕೇಳುತ್ತಿರುವ ಹೊತ್ತಿನಲ್ಲೇ ತಪ್ಪಾಗಿರುತ್ತದೆ. ಎಲ್ಲ ಹೆಸರುಗಳನ್ನೂ ಊರುಗಳನ್ನೂ ಕನ್ನಡ ಲಿಪಿಯಲ್ಲಿ ಬರೆದು ಕಳುಹಿಸಿ. ಸಂದೇಹವಿರುವ ಹೆಸರನ್ನು ನಿಮ್ಮ ಬಾಯಲ್ಲೇ ಹೇಳಿ ಧ್ವನಿ ಸಂದೇಶವಾಗಿ ಕಳುಹಿಸಿದರೆ ವಾರ್ತಾ ವಾಚಕರು ನಿಮ್ಮನ್ನು ಮರೆಯುವುದಿಲ್ಲ.

ಸಮಯದ ವಿಷಯ. ಸಂಜೆ ಆರಕ್ಕೆ ಮುಗಿದ ಸಮಾರಂಭದ ಪ್ರಕಟಣೆ ರಾತ್ರಿ ಹತ್ತಕ್ಕೆ ಬಂದರೆ ಪತ್ರಿಕೆಗೇ ಕಷ್ಟ. ರೇಡಿಯೋಗಂತೂ ಅದು ನಿನ್ನೆಯ ಸುದ್ದಿ. ಮುಂದೆ ನಡೆಯಲಿರುವುದನ್ನು ಒಂದು ವಾರ ಮೊದಲೇ ತಿಳಿಸುವುದು, ನಡೆದ ದಿನ ಒಂದು ಗಂಟೆಯೊಳಗೆ ಎರಡು ಸಾಲು ಕಳುಹಿಸುವುದು, ಇದೇ ಕ್ರಮ.

ಎಫ್‌ಎಂ ನಿರ್ಮಾಪಕಿ

ಸಂಪಾದಕರ ಮಾತಿಗೆ ಒಂದು ಮುಖ್ಯ ವಿಷಯವನ್ನು ಸೇರಿಸಬೇಕು. ಎಲ್ಲ ರೇಡಿಯೋ ಕೇಂದ್ರಗಳೂ ಒಂದೇ ಎಂದು ಭಾವಿಸಿ ಒಂದೇ ಪಟ್ಟಿಗೆ ಇಮೇಲ್ ಮಾಡುವುದರಿಂದಲೇ ನಿಮಗೆ ಉತ್ತರ ಬರುತ್ತಿಲ್ಲ. ಖಾಸಗಿ ಎಫ್‌ಎಂ 2001ರಲ್ಲಿ ಈ ನಗರದಿಂದಲೇ ಆರಂಭವಾಯಿತು. ಇಷ್ಟು ವರ್ಷಗಳಾದರೂ ನಮಗೆ ಸ್ವಂತ ಸುದ್ದಿ ಪ್ರಸಾರ ಮಾಡುವ ಅವಕಾಶವಿಲ್ಲ. 2011ರ ಮೂರನೆಯ ಹಂತದ ಎಫ್‌ಎಂ ನೀತಿಯ ಪ್ರಕಾರ, ಆಕಾಶವಾಣಿಯ ವಾರ್ತೆಯನ್ನು ಯಾವ ಬದಲಾವಣೆಯನ್ನೂ ಮಾಡದೆ ಹಾಗೆಯೇ ಪ್ರಸಾರ ಮಾಡಬಹುದು, ಅಷ್ಟೇ. ನಿಮ್ಮ ಶಾಲೆಯ ಶುಲ್ಕ ವಿವಾದವಾಗಲಿ, ಸಚಿವರು ನಿಮ್ಮ ವೇದಿಕೆಯಲ್ಲಿ ಆಡಿದ ಮಾತಾಗಲಿ ನಮ್ಮಲ್ಲಿ ಸುದ್ದಿಯಾಗಿ ಬರಲು ಸಾಧ್ಯವೇ ಇಲ್ಲ. ಇದರಲ್ಲಿ ನಮ್ಮ ಅಸಡ್ಡೆಯೇನೂ ಇಲ್ಲ.

ಆದರೆ ಅದೇ ನೀತಿಯು ಕೆಲವು ವಿಷಯಗಳನ್ನು ಸುದ್ದಿಯೆಂದು ಪರಿಗಣಿಸುವುದಿಲ್ಲ. ಪರೀಕ್ಷೆ, ಫಲಿತಾಂಶ, ಪ್ರವೇಶಾತಿ, ವೃತ್ತಿ ಮಾರ್ಗದರ್ಶನ, ಸಾಂಸ್ಕೃತಿಕ ಕಾರ್ಯಕ್ರಮ ಮತ್ತು ಹಬ್ಬಗಳು, ಸಂಚಾರ ಮತ್ತು ಹವಾಮಾನದ ಮಾಹಿತಿ ಎಲ್ಲವೂ ಆ ಪಟ್ಟಿಯಲ್ಲಿವೆ. ಶಾಲೆಯ ಬದುಕಿನ ಮುಕ್ಕಾಲು ಪಾಲು ಇದರೊಳಗೇ ಬಂದುಬಿಡುತ್ತದೆಯಲ್ಲವೇ? ಪರೀಕ್ಷೆಗೆ ಮುಂಚೆ ಗಣಿತದ ಭಯದ ಬಗ್ಗೆ ಮಾತಾಡಬಲ್ಲ ಒಬ್ಬ ಮೇಷ್ಟ್ರು, ಪಿಯುಸಿಯಲ್ಲಿ ಯಾವ ವಿಭಾಗ ಆರಿಸಿಕೊಳ್ಳಬೇಕೆಂದು ತಿಳಿಸಿ ಹೇಳಬಲ್ಲ ಒಬ್ಬ ಆಪ್ತ ಸಮಾಲೋಚಕಿ ನಿಮ್ಮಲ್ಲಿದ್ದರೆ ಬೆಳಗಿನ ಕಾರ್ಯಕ್ರಮದ ನಿರ್ಮಾಪಕರಿಗೆ ಅವರ ವಿವರ ಕೊಡಿ. ಶಾಲೆಯ ಹೆಸರು ಒಂದೇ ಸಲ ಬರಬಹುದು; ಬೆಳಗಿನ ಸಂಚಾರದಲ್ಲಿ ಸಿಲ್ಕ್‌ಬೋರ್ಡ್ ಬಳಿ ನಿಂತಿರುವ ಪೋಷಕರೆಲ್ಲ ಅದನ್ನು ಕೇಳಿರುತ್ತಾರೆ. ಶಾಲೆಯ ಹೆಸರು ಮೂರು ಸಲ ಬರಲೇಬೇಕೆಂದು ಪಟ್ಟು ಹಿಡಿದರೆ ಜಾಹೀರಾತು ವಿಭಾಗದ ದಾರಿ ತೋರಿಸುತ್ತೇವೆ.

ಸಮುದಾಯ ಬಾನುಲಿ ಕಾರ್ಯಕರ್ತೆ

ಮೂರನೆಯ ಬಗೆಯ ಕೇಂದ್ರಗಳನ್ನು ಇಬ್ಬರೂ ಬಿಟ್ಟಿದ್ದೀರಿ. ನಗರದಲ್ಲಿ 2007ರಿಂದ 90.4 ಮೆಗಾಹರ್ಟ್ಸ್ ತರಂಗಾಂತರದಲ್ಲಿ ನಡೆಯುತ್ತಿರುವ ರೇಡಿಯೋ ಆಕ್ಟಿವ್‌ನಂಥ ಸಮುದಾಯ ಬಾನುಲಿಗಳು ಸಣ್ಣ ಪ್ರೇಷಕದಿಂದ ಸುತ್ತಲಿನ ಕೆಲವೇ ಕಿಲೋಮೀಟರಿಗೆ ತಲುಪುತ್ತವೆ. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟು ಸ್ಥಳೀಯರ ಭಾಗವಹಿಸುವಿಕೆಯಿಂದಲೇ ತಯಾರಾಗಬೇಕೆಂಬ ನಿಯಮವಿರುವುದರಿಂದ ನಮಗೆ ಶಾಲೆಗಳು ಯಾವಾಗಲೂ ಬೇಕು. ಇಪ್ಪತ್ತು ಸೆಕೆಂಡಿಗೆ ಬದಲಾಗಿ ಇಪ್ಪತ್ತು ನಿಮಿಷ ಕೊಡುತ್ತೇವೆ. ಕೇಳುಗರ ಸಂಖ್ಯೆ ಕಡಿಮೆ ಎಂಬ ಕಾರಣಕ್ಕೆ ಸಂಪರ್ಕ ವಿಭಾಗದವರು ನಮ್ಮನ್ನು ಪಟ್ಟಿಯಿಂದ ಕೈಬಿಡುತ್ತಾರೆ. ಮೈಕಿನ ಮುಂದೆ ಮಾತಾಡುವ ಅಭ್ಯಾಸ ನಿಮ್ಮ ಶಿಕ್ಷಕರಿಗೂ ಮಕ್ಕಳಿಗೂ ಇಲ್ಲಿಯೇ ಆಗಬೇಕು ಎಂಬುದು ನನ್ನ ವಾದ.

ಧ್ವನಿಮುದ್ರಣದ ಬಗ್ಗೆ ಕೆಲವು ಮಾತು. ವರದಿಗಾರರು ಬಂದರೆ ಪ್ರಾಂಶುಪಾಲರ ಕೊಠಡಿಗೆ ಕರೆದೊಯ್ಯುವುದು ರೂಢಿ. ನುಣುಪಾದ ಗೋಡೆ, ಗಾಜಿನ ಮೇಜು, ಗುಯ್ಗುಡುವ ಎಸಿ, ನಡುವೆ ಕಾಫಿ ತಂದಿಡುವ ಲೋಟದ ಸದ್ದು, ಎಲ್ಲವೂ ಅಲ್ಲಿ ಸೇರಿಕೊಂಡಿರುತ್ತವೆ. ಗ್ರಂಥಾಲಯದ ಎರಡು ಕಪಾಟುಗಳ ನಡುವಿನ ಜಾಗ ಅದಕ್ಕಿಂತ ಎಷ್ಟೋ ಮೇಲು, ಏಕೆಂದರೆ ಪುಸ್ತಕಗಳು ಪ್ರತಿಧ್ವನಿಯನ್ನು ನುಂಗುತ್ತವೆ. ಫ್ಯಾನ್ ಆರಿಸಿ. ಹಳೆಯ ಟ್ಯೂಬ್‌ಲೈಟಿನ ಚೋಕ್ ಗುಂಯ್ ಎನ್ನುತ್ತಿದ್ದರೆ ಅದನ್ನೂ ಆರಿಸಿ. ಮಾತಾಡುವವರ ಬಳೆ, ಕೊರಳಿನ ಗುರುತಿನ ಚೀಟಿ ಮೇಜಿಗೆ ತಾಗದಿರಲಿ. ನೀವೇ ಮೊಬೈಲಿನಲ್ಲಿ ಮುದ್ರಿಸಿ ಕಳುಹಿಸುವುದಾದರೆ ಮೊದಲು ಫ್ಲೈಟ್ ಮೋಡ್‌ಗೆ ಹಾಕಿ, ಫೋನನ್ನು ಬಾಯಿಯಿಂದ ಒಂದು ಗೇಣು ದೂರದಲ್ಲಿ, ನೇರವಾಗಿ ಎದುರಿಗಲ್ಲದೆ ತುಸು ಪಕ್ಕಕ್ಕೆ ಹಿಡಿಯಿರಿ. ಎದುರಿಗೆ ಹಿಡಿದರೆ ಪಕಾರ ಬಕಾರಗಳ ಉಸಿರು ಮೈಕಿಗೆ ಬಡಿಯುತ್ತದೆ. ಬೆಳಿಗ್ಗೆ ಏನು ತಿಂಡಿ ತಿಂದಿರಿ ಎಂದು ಕೇಳಿ ಆ ಉತ್ತರವನ್ನು ಮುದ್ರಿಸಿ ಒಮ್ಮೆ ಕೇಳಿಸಿಕೊಳ್ಳಿ. ಧ್ವನಿಯ ಮಟ್ಟವೂ ತಿಳಿಯುತ್ತದೆ, ಎದುರಿಗಿರುವವರ ಬಿಗುವೂ ಸಡಿಲುತ್ತದೆ. ಕೊನೆಯಲ್ಲಿ ಯಾರೂ ಮಾತಾಡದೆ ಹತ್ತು ಸೆಕೆಂಡು ಆ ಕೊಠಡಿಯ ಮೌನವನ್ನೂ ಮುದ್ರಿಸಿ, ಸಂಕಲನದಲ್ಲಿ ಮಾತಿನ ಎರಡು ತುಂಡುಗಳನ್ನು ಕೂಡಿಸುವಾಗ ಅದು ಬೇಕಾಗುತ್ತದೆ. ವಾಟ್ಸ್‌ಆ್ಯಪ್‌ನ ಧ್ವನಿ ಸಂದೇಶವಾಗಿ ಕಳುಹಿಸಿದರೆ ಧ್ವನಿ ಕುಗ್ಗಿಹೋಗುತ್ತದೆ. ಫೋನಿನ ರೆಕಾರ್ಡರಿನಲ್ಲಿ ಮುದ್ರಿಸಿ ಡಾಕ್ಯುಮೆಂಟ್ ಆಗಿ ಕಳುಹಿಸಿ.

ಶಾಲೆಯ ಸದ್ದುಗಳೂ ಸುದ್ದಿಯ ಭಾಗವೇ. ಬೆಳಗಿನ ಪ್ರಾರ್ಥನೆ, ಗಂಟೆ, ಆಟದ ಮೈದಾನದ ಗಲಾಟೆ, ಬಿಸಿಯೂಟದ ಹೊತ್ತಿನ ತಟ್ಟೆಗಳ ಸದ್ದು, ಇವನ್ನು ಮುದ್ರಿಸಿಕೊಳ್ಳಲು ವರದಿಗಾರರಿಗೆ ಕಾಲು ಗಂಟೆ ಬಿಡುವು ಕೊಡಿ. ಆಗ ಎಲ್ಲರೂ ಸುಮ್ಮನಿರಿ ಎಂದು ಪೀಟಿ ಮೇಷ್ಟ್ರು ಸೀಟಿ ಊದದಂತೆ ನೋಡಿಕೊಳ್ಳುವುದೂ ಸಂಪರ್ಕಾಧಿಕಾರಿಯ ಕೆಲಸವೇ.

ಶಾಲಾ ಸಂಪರ್ಕಾಧಿಕಾರಿ, ಬನಶಂಕರಿ

ಮೂವರಿಗೂ ವಂದನೆಗಳು. ಒಂದು ತೊಡಕಿದೆ. ಯಾವ ಮಾಧ್ಯಮದವರು ಬಂದರೂ ಆಡಳಿತ ಮಂಡಳಿಯ ಅಧ್ಯಕ್ಷರೇ ಮಾತಾಡಬೇಕೆಂಬುದು ನಮ್ಮಲ್ಲಿ ಅಲಿಖಿತ ನಿಯಮ. ಅವರ ಬದಲು ಎಂಟನೇ ತರಗತಿಯ ವಿಜ್ಞಾನ ಶಿಕ್ಷಕಿಯನ್ನು ಮುಂದೆ ಬಿಡುವುದು ಹೇಗೆ?

ನಿವೃತ್ತ ವಾರ್ತಾ ಸಂಪಾದಕ

ಅಧ್ಯಕ್ಷರಿಗೆ ಒಂದು ಆಯ್ಕೆ ಕೊಡಿ. ಅವರು ನಾಲ್ಕು ನಿಮಿಷ ಮಾತಾಡಿ ಅದರಲ್ಲಿ ಒಂದು ಸೆಕೆಂಡೂ ಪ್ರಸಾರವಾಗದಿರುವುದು ಮೇಲೋ, ಮಕ್ಕಳ ಕೈಯಲ್ಲಿ ಮಳೆಮಾಪಕ ಮಾಡಿಸಿದ ಶಿಕ್ಷಕಿಯ ಇಪ್ಪತ್ತು ಸೆಕೆಂಡು ಶಾಲೆಯ ಹೆಸರಿನೊಂದಿಗೆ ಪ್ರಸಾರವಾಗುವುದು ಮೇಲೋ? ಕೆಲಸ ಮಾಡಿದವರ ಮಾತಿನಲ್ಲಿ ವಿವರವಿರುತ್ತದೆ: ಬಾಟಲಿ ಎಲ್ಲಿಂದ ತಂದರು, ಮೊದಲ ದಿನ ಎಷ್ಟು ಮಿಲಿಮೀಟರ್ ತೋರಿಸಿತು, ಯಾವ ಹುಡುಗ ಅದರಲ್ಲಿ ನೀರು ತುಂಬಿಸಿ ಎಲ್ಲರನ್ನೂ ಯಾಮಾರಿಸಿದ. ಆಡಳಿತ ಮಂಡಳಿಯವರ ಮಾತಿನಲ್ಲಿ ಸರ್ವತೋಮುಖ ಬೆಳವಣಿಗೆ ಇರುತ್ತದೆ. ಸಂಕಲನಕಾರನ ಕತ್ತರಿ ಮೊದಲು ಎಲ್ಲಿಗೆ ಹೋಗುತ್ತದೆಂದು ಹೇಳಬೇಕಾಗಿಲ್ಲ.

ಶುಲ್ಕ, ಸುರಕ್ಷತೆ, ನೀತಿ ನಿರ್ಧಾರಗಳ ಪ್ರಶ್ನೆ ಬಂದಾಗ ಮಾತ್ರ ಅಧ್ಯಕ್ಷರೇ ಅಥವಾ ಪ್ರಾಂಶುಪಾಲರೇ ಮಾತಾಡಬೇಕು. ಅಲ್ಲಿ ಶಿಕ್ಷಕರನ್ನು ಮುಂದೆ ತಳ್ಳುವುದು ಅನ್ಯಾಯ.

ಸರ್ಕಾರಿ ಪ್ರೌಢಶಾಲೆ ಮುಖ್ಯೋಪಾಧ್ಯಾಯ

ಚರ್ಚೆ ಚೆನ್ನಾಗಿದೆ, ಆದರೆ ಇದು ಸಂಪರ್ಕಾಧಿಕಾರಿಯನ್ನು ನೇಮಿಸಿಕೊಳ್ಳಬಲ್ಲ ಶಾಲೆಗಳ ಮಾತು. ನಮ್ಮಲ್ಲಿ ಬಿಸಿಯೂಟದ ಲೆಕ್ಕ ಬರೆಯುವವನೂ ನಾನೇ, ವರದಿಗಾರರಿಗೆ ಉತ್ತರಿಸಬೇಕಾದವನೂ ನಾನೇ. ಅದರ ಮೇಲೆ ಸರ್ಕಾರಿ ನೌಕರರ ನಡತೆ ನಿಯಮಗಳಿವೆ. ಸಾಹಿತ್ಯ, ಕಲೆ, ವಿಜ್ಞಾನಕ್ಕೆ ಸಂಬಂಧಿಸಿದ ಪ್ರಸಾರಕ್ಕೆ ಅಡ್ಡಿಯಿಲ್ಲದಿದ್ದರೂ ಇಲಾಖೆಯ ವಿಷಯವನ್ನು ಅನುಮತಿಯಿಲ್ಲದೆ ರೇಡಿಯೋದಲ್ಲಿ ಮಾತಾಡುವಂತಿಲ್ಲ. ಪಠ್ಯಪುಸ್ತಕ ಬಂದಿದೆಯೇ ಎಂದು ಯಾರೋ ಕೇಳಿದಾಗ ಬಂದಿಲ್ಲ ಎಂಬ ಸತ್ಯವನ್ನು ಹೇಳಿದರೆ ಮಾರನೆಯ ದಿನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಕರೆ ಬರಬಹುದು.

ನಾವು ಕಂಡುಕೊಂಡ ದಾರಿಯೆಂದರೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಅದರಲ್ಲಿರುವ ಪೋಷಕರು ಶಾಲೆಯ ನೌಕರರಲ್ಲದ್ದರಿಂದ ನಡತೆ ನಿಯಮ ಅವರನ್ನು ಕಟ್ಟಿಹಾಕುವುದಿಲ್ಲ, ಶಾಲೆಯ ಕೊರತೆಯನ್ನೂ ಹೆಮ್ಮೆಯನ್ನೂ ತಮ್ಮ ಮಾತಿನಲ್ಲೇ ಹೇಳುತ್ತಾರೆ. ತರಗತಿಯಲ್ಲಿ ನಡೆಯುವ ಪ್ರಯೋಗದ ಬಗ್ಗೆ ಶಿಕ್ಷಕರು ಮಾತಾಡುತ್ತಾರೆ. ಒಂದು ಕಾಲದಲ್ಲಿ ‘ಕೇಳಿ ಕಲಿ’ ಪಾಠ ಬರುವ ಹೊತ್ತಿಗೆ ರೇಡಿಯೋ ಪೆಟ್ಟಿಗೆಯನ್ನು ತರಗತಿಗೆ ಹೊತ್ತು ತರುತ್ತಿದ್ದ ಶಿಕ್ಷಕರು ನಮ್ಮಲ್ಲಿ ಈಗಲೂ ಇದ್ದಾರೆ. ಮೈಕನ್ನು ಕಂಡು ಹೆದರುವವರೇನಲ್ಲ.

ಫಲಿತಾಂಶದ ವಿಷಯದಲ್ಲಿ ರೇಡಿಯೋದವರಿಗೂ ಒಂದು ಮಾತು. ಪ್ರತಿ ವರ್ಷ 625ಕ್ಕೆ 625 ಅಂಕ ಪಡೆದ ಮಗುವನ್ನೇ ಹುಡುಕಿಕೊಂಡು ಹೋಗುತ್ತೀರಿ. ಎಸ್‌ಎಸ್‌ಎಲ್‌ಸಿಗೆ ವರ್ಷಕ್ಕೆ ಮೂರು ಪರೀಕ್ಷೆಗಳ ವ್ಯವಸ್ಥೆ 2024ರಲ್ಲಿ ಬಂತಲ್ಲ, ಪರೀಕ್ಷೆ-1ರಲ್ಲಿ ಗಣಿತದಲ್ಲಿ ಬಿದ್ದು ಪರೀಕ್ಷೆ-2ರಲ್ಲಿ ದಾಟಿಕೊಂಡ ಮಕ್ಕಳನ್ನು, ಅವರೂ ಅವರ ಮನೆಯವರೂ ಒಪ್ಪಿದರೆ, ಒಮ್ಮೆ ಮಾತಾಡಿಸಿ. ಆ ಹೊತ್ತಿನಲ್ಲಿ ಅದನ್ನು ಕೇಳಬೇಕಾದ ಎಷ್ಟೋ ಮನೆಗಳಿರುತ್ತವೆ.

ಎಫ್‌ಎಂ ನಿರ್ಮಾಪಕಿ

ಮೇಷ್ಟ್ರೇ, ಕೊನೆಯದು ನಮ್ಮ ನಿಯಮದೊಳಗೇ ಬರುವ ವಿಷಯ. ಪರೀಕ್ಷೆ-2ರ ಫಲಿತಾಂಶದ ಹೊತ್ತಿಗೆ ನಿಮ್ಮನ್ನು ಈ ವೇದಿಕೆಯ ಮೂಲಕವೇ ಸಂಪರ್ಕಿಸುತ್ತೇನೆ.

ವಕೀಲೆ, ಇಬ್ಬರು ಮಕ್ಕಳ ತಾಯಿ

ಮಕ್ಕಳನ್ನು ಮಾತಾಡಿಸಿ ಎಂದು ಎಲ್ಲರೂ ಸಲೀಸಾಗಿ ಹೇಳುತ್ತಿದ್ದೀರಿ. ಮುಖ ಕಾಣದಿರುವುದರಿಂದ ರೇಡಿಯೋದಲ್ಲಿ ಮಗುವಿನ ಗುರುತು ಸಿಗುವುದಿಲ್ಲ ಎಂಬ ತಪ್ಪು ಕಲ್ಪನೆ ಬಹಳ ಮಂದಿಗಿದೆ. ಬಡಾವಣೆಯಲ್ಲಿ ಮಗುವಿನ ಧ್ವನಿಯನ್ನು ಗುರುತಿಸದವರು ಯಾರು? ಅದರ ಮೇಲೆ ಶಾಲೆಯ ಹೆಸರು, ತರಗತಿ, ಮನೆಯಿರುವ ಬೀದಿ ಸೇರಿದರೆ ಇನ್ನೇನು ಉಳಿಯಿತು?

ಸಂತೋಷದ ಸುದ್ದಿಗೂ ಪೋಷಕರ ಲಿಖಿತ ಒಪ್ಪಿಗೆ ಇರಲಿ. ಪ್ರವೇಶಾತಿಯ ಅರ್ಜಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಪಡೆದ ಸಹಿಯನ್ನು ಒಪ್ಪಿಗೆ ಎನ್ನಲಾಗದು. ಯಾವ ಕೇಂದ್ರ, ಯಾವ ವಿಷಯ, ಮುದ್ರಿಸಿದ್ದು ಅಂತರ್ಜಾಲದಲ್ಲೂ ಉಳಿಯುತ್ತದೆಯೇ ಎಂಬುದನ್ನು ತಿಳಿಸಿ ಪಡೆದದ್ದಾಗಿರಬೇಕು. ಮಗು ಬೇಡವೆಂದರೆ ಪೋಷಕರು ಒಪ್ಪಿದ್ದರೂ ಬೇಡ. ಮಾತಾಡುವಾಗ ಪರಿಚಿತ ಶಿಕ್ಷಕರೊಬ್ಬರು ಕೊಠಡಿಯಲ್ಲಿರಲಿ, ಆದರೆ ಉತ್ತರ ಹೇಳಿಕೊಡುವುದು ಬೇಡ.

ಕಹಿ ಸಂದರ್ಭಗಳಿಗೆ ಕಾನೂನೇ ಗೆರೆ ಎಳೆದಿದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯುವ 2012ರ ಪೋಕ್ಸೊ ಕಾಯ್ದೆಯ 23ನೇ ಕಲಮಿನ ಪ್ರಕಾರ ಸಂತ್ರಸ್ತ ಮಗುವಿನ ಹೆಸರು, ವಿಳಾಸ, ಭಾವಚಿತ್ರ, ಕುಟುಂಬದ ವಿವರ, ಶಾಲೆ, ನೆರೆಹೊರೆ, ಹೀಗೆ ಗುರುತು ಬಿಟ್ಟುಕೊಡುವ ಯಾವುದನ್ನೂ ಮಾಧ್ಯಮಗಳು ಬಹಿರಂಗಪಡಿಸುವಂತಿಲ್ಲ. ಉಲ್ಲಂಘನೆಗೆ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆವಾಸವಿದೆ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮು ಕಾನೂನಿನೊಡನೆ ಸಂಘರ್ಷಕ್ಕೊಳಗಾದ, ಅಂದರೆ ಅಪರಾಧದ ಆರೋಪ ಹೊತ್ತ ಮಕ್ಕಳಿಗೂ, ಸಾಕ್ಷಿಗಳಾದ ಮಕ್ಕಳಿಗೂ ಇಂಥದೇ ರಕ್ಷಣೆ ಕೊಡುತ್ತದೆ. ಎರಡರಲ್ಲೂ ಶಾಲೆಯ ಹೆಸರು ಸ್ಪಷ್ಟವಾಗಿ ಸೇರಿದೆ ಎಂಬುದನ್ನು ಸಂಪರ್ಕ ಸಿಬ್ಬಂದಿ ಗಮನಿಸಬೇಕು. ಅಂಥ ಪ್ರಕರಣದಲ್ಲಿ “ನಮ್ಮ ಶಾಲೆಯಲ್ಲಿ ಹಾಗೇನೂ ನಡೆದಿಲ್ಲ” ಎಂದು ಮೈಕಿನ ಮುಂದೆ ಹೇಳಿದ ನಿರಾಕರಣೆಯೂ ಮಗುವಿನ ಗುರುತು ಬಿಟ್ಟುಕೊಡಬಹುದು. ಅಲ್ಲಿ ಧ್ವನಿ ಕೊಡಬೇಡಿ. ವಿಷಯ ಪೊಲೀಸರ ಮುಂದಿದೆ, ಕಾನೂನಿನ ಕಾರಣಕ್ಕೆ ಮಾತಾಡಲಾಗದು ಎಂದು ತಿಳಿಸಿ. ಇದಕ್ಕೆಲ್ಲ ಮೊದಲು, ಅಪರಾಧದ ಮಾಹಿತಿ ಸಿಕ್ಕಿದ ಮೇಲೆ ಪೊಲೀಸರಿಗೆ ತಿಳಿಸುವುದು ಅದೇ ಕಾಯ್ದೆಯ 19ನೇ ಕಲಮಿನಂತೆ ಕಡ್ಡಾಯ. ಶಾಲೆಯ ಹೆಸರು ಕಾಪಾಡುವ ನೆಪದಲ್ಲಿ ಅದನ್ನು ತಡಮಾಡಿಸುವ ಸಲಹೆ ಸಂಪರ್ಕ ವಿಭಾಗದಿಂದ ಬರಲೇಬಾರದು.

ಶಾಲಾ ಸಂಪರ್ಕಾಧಿಕಾರಿ, ಬನಶಂಕರಿ

ಮೇಡಂ, ನಿರಾಕರಣೆಯ ಬಗ್ಗೆ ನೀವು ಹೇಳಿದ್ದು ನಮ್ಮ ಕೈಪಿಡಿಗೆ ಸೇರಬೇಕಾದದ್ದು. ಇನ್ನೊಂದು ಬಗೆಯ ತುರ್ತು ಸ್ಥಿತಿಯ ಬಗ್ಗೆಯೂ ಕೇಳಬೇಕು. 2023ರ ಡಿಸೆಂಬರ್ 1ರಂದು ನಗರದ 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇಮೇಲ್ ಬಂದದ್ದು, ಕೊನೆಗೆ ಅದು ಹುಸಿಯೆಂದು ತಿಳಿದದ್ದು ಎಲ್ಲರಿಗೂ ನೆನಪಿರುತ್ತದೆ. ಆಮೇಲೂ ಅಂಥ ಇಮೇಲ್‌ಗಳು ಬರುತ್ತಲೇ ಇವೆ. ಆ ಹೊತ್ತಿನಲ್ಲಿ ಕರೆ ಮಾಡುವ ರೇಡಿಯೋದವರಿಗೆ ಏನು ಹೇಳಬೇಕು?

ನಿವೃತ್ತ ವಾರ್ತಾ ಸಂಪಾದಕ

ಅಂಥ ದಿನ ರೇಡಿಯೋ ಕೇಳುವವರಲ್ಲಿ ಶಾಲೆಯತ್ತ ಗಾಡಿ ಓಡಿಸುತ್ತಿರುವ ಪೋಷಕರೂ ಇರುತ್ತಾರೆ. ಮೊಬೈಲ್ ನೋಡಲಾಗದ ಆ ಹೊತ್ತಿನಲ್ಲಿ ಅವರಿಗೆ ಬೇಕಾದದ್ದು ನಾಲ್ಕೇ ಮಾತು: ಮಕ್ಕಳು ಈಗ ಎಲ್ಲಿದ್ದಾರೆ, ಯಾರ ಜೊತೆಗಿದ್ದಾರೆ, ಯಾವ ಗೇಟಿನಲ್ಲಿ ಕರೆದುಕೊಳ್ಳಬೇಕು, ಮುಂದಿನ ಮಾಹಿತಿ ಎಷ್ಟು ಗಂಟೆಗೆ. ಇವು ಶಾಲೆಗಷ್ಟೇ ಗೊತ್ತಿರುವ ಸಂಗತಿಗಳು, ಶಾಲೆಯೇ ಹೇಳಬೇಕು. ಇಮೇಲಿನಲ್ಲಿ ಏನಿತ್ತು, ಯಾರು ಕಳುಹಿಸಿದರು, ಅದು ಹುಸಿಯೋ ಅಲ್ಲವೋ ಎಂಬುದು ಪೊಲೀಸರು ಹೇಳಬೇಕಾದದ್ದು. ತಪಾಸಣೆ ಮುಗಿಯುವ ಮೊದಲೇ “ಏನೂ ಇಲ್ಲ, ಸುಳ್ಳು” ಎಂದು ಧೈರ್ಯ ಹೇಳಲು ಹೋಗುವವರನ್ನು ಕಂಡಿದ್ದೇನೆ. ಆ ಮಾತು ಹುಸಿಯಾದರೆ ಮರುದಿನ ಶಾಲೆಯ ಯಾವ ಮಾತನ್ನೂ ಯಾರೂ ನಂಬುವುದಿಲ್ಲ.

ಇಲ್ಲಿ ಇಮೇಲ್ ಮಾಡಿ ಎಂಬ ಉತ್ತರ ನಡೆಯದು. ಗೊತ್ತಿರುವುದು ಎರಡೇ ವಾಕ್ಯವಾದರೂ ಅದನ್ನು ಮನುಷ್ಯರ ದನಿಯಲ್ಲಿ ಹೇಳಿ, ಮುಂದಿನ ಸಮಯ ಕೊಟ್ಟು, ಆ ಸಮಯಕ್ಕೆ ಹೊಸದೇನೂ ಇಲ್ಲದಿದ್ದರೂ ಕರೆ ಮಾಡಿ. ವರದಿಗಾರನಿಗೆ ನಿಮ್ಮಿಂದ ಸಿಗದಿದ್ದರೆ ಗೇಟಿನ ಹೊರಗೆ ಗಾಬರಿಯಲ್ಲಿ ನಿಂತಿರುವವರ ಮಾತನ್ನು ಮುದ್ರಿಸಿಕೊಂಡು ಹೋಗುತ್ತಾನೆ, ಹೋಗಲೇಬೇಕು.

ಎಫ್‌ಎಂ ನಿರ್ಮಾಪಕಿ

ಇಂಥ ದಿನ ನಾವು ಸುದ್ದಿ ಹೇಳಲಾಗದಿದ್ದರೂ ಸಂಚಾರದ ಮಾಹಿತಿ ಕೊಡುತ್ತೇವೆ. ಶಾಲೆಯ ಮುಂದಿನ ರಸ್ತೆ ತುಂಬಿದೆ, ಪೊಲೀಸರು ಯಾವ ಕಡೆಯಿಂದ ಬಿಡುತ್ತಿದ್ದಾರೆ ಎಂಬುದನ್ನು ತಿಳಿಸಿ. ಮಕ್ಕಳ ಸುರಕ್ಷತೆಯ ಹೇಳಿಕೆಯನ್ನು ಮಾತ್ರ ಮೊದಲು ಆಕಾಶವಾಣಿಯ ಸುದ್ದಿ ವಿಭಾಗಕ್ಕೆ ಕೊಡಿ.

ಶಾಲಾ ಸಂಪರ್ಕಾಧಿಕಾರಿ, ಬನಶಂಕರಿ

ಇಷ್ಟನ್ನೂ ಆಧರಿಸಿ ಒಂದು ಹಾಳೆ ಸಿದ್ಧಪಡಿಸುತ್ತಿದ್ದೇನೆ. ವಿಷಯವಾರು ಮಾತಾಡಬಲ್ಲ ಶಿಕ್ಷಕರ ಹೆಸರು ಕನ್ನಡ ಲಿಪಿಯಲ್ಲಿ, ಅವರಿಗೆ ತರಗತಿಯಿಲ್ಲದ ಅವಧಿ, ಧ್ವನಿಮುದ್ರಣಕ್ಕೆ ಗ್ರಂಥಾಲಯ, ಮೂರು ಬಗೆಯ ಕೇಂದ್ರಗಳಿಗೆ ಮೂರು ಪ್ರತ್ಯೇಕ ಪಟ್ಟಿ. ಅಧ್ಯಕ್ಷರು ಮಳೆಮಾಪಕದ ವಾದಕ್ಕೆ ಅರ್ಧ ಒಪ್ಪಿದ್ದಾರೆ. ಸಂಪರ್ಕಕ್ಕೆ ಕಚೇರಿಯ ಸ್ಥಿರ ದೂರವಾಣಿ ಸಂಖ್ಯೆಯನ್ನು ಹಾಕಿದ್ದೇನೆ.

ನಿವೃತ್ತ ವಾರ್ತಾ ಸಂಪಾದಕ

ಆ ಸಂಖ್ಯೆಯನ್ನು ತೆಗೆಯಿರಿ. ಬೆಳಗಿನ ವಾರ್ತೆ ಸಿದ್ಧವಾಗುವ ಹೊತ್ತಿಗೆ ನಿಮ್ಮ ಕಚೇರಿಯಲ್ಲಿ ಕಾವಲುಗಾರ ಬಿಟ್ಟರೆ ಯಾರೂ ಇರುವುದಿಲ್ಲ. ಬೆಳಿಗ್ಗೆ ಆರಕ್ಕೂ ರಾತ್ರಿ ಹತ್ತಕ್ಕೂ ಎತ್ತುವ ಒಂದು ಮೊಬೈಲ್ ಸಂಖ್ಯೆ, ಅದು ಸಿಗದಿದ್ದರೆ ಇನ್ನೊಂದು. ಎತ್ತುವವರಿಗೆ ಎರಡು ವಾಕ್ಯ ಹೇಳುವ ಅಧಿಕಾರವನ್ನು ಆಡಳಿತ ಮಂಡಳಿ ಮೊದಲೇ ಕೊಟ್ಟಿರಬೇಕು.

ಸರ್ಕಾರಿ ಪ್ರೌಢಶಾಲೆ ಮುಖ್ಯೋಪಾಧ್ಯಾಯ

ವಕೀಲೆ ಮೇಡಂ, ಪೋಷಕರ ಒಪ್ಪಿಗೆ ಪತ್ರದ ಒಂದು ಮಾದರಿಯನ್ನು ಸರಳ ಕನ್ನಡದಲ್ಲಿ ಇಲ್ಲಿ ಹಾಕಲು ಸಾಧ್ಯವೇ? ನಮ್ಮ ಪೋಷಕರಲ್ಲಿ ಹಲವರಿಗೆ ಓದಲು ಬರುವುದಿಲ್ಲ, ಓದಿ ಹೇಳಿದರೆ ಅರ್ಥವಾಗುವಂತಿರಬೇಕು.

ವಕೀಲೆ, ಇಬ್ಬರು ಮಕ್ಕಳ ತಾಯಿ

ಸೋಮವಾರದೊಳಗೆ ಹಾಕುತ್ತೇನೆ ಸರ್. ಓದಲು ಬಾರದವರಿಗೆ ಇನ್ನೊಬ್ಬ ಪೋಷಕರ ಸಮ್ಮುಖದಲ್ಲಿ ಓದಿ ಹೇಳಿ, ಅವರ ಸಹಿಯನ್ನೂ ಸಾಕ್ಷಿಯಾಗಿ ಪಡೆಯುವ ಜಾಗವನ್ನು ಕೆಳಗೆ ಬಿಡುತ್ತೇನೆ.